ಗೆದ್ದಲು ನೋಡಲು ಬಂದವರು

ಗೆದ್ದಲು ಹಿಡಿದ ಮನೆಗೆ ಹೋಗಿ ನಗದೆ ವಾಪಸ್ ಬಂದದ್ದು ನನಗಂತೂ ನೆನಪಿಲ್ಲ. ಮನೆಯವರು ಅಳುವ ಹಾಗಿರುತ್ತಾರೆ, ಬಾಗಿಲು ಉದುರುವ ಹಾಗಿರುತ್ತದೆ, ಆದರೂ ಎಲ್ಲಿಂದಲೋ ಒಂದು ನಗು ಬಂದು ನಡುಮನೆಯಲ್ಲಿ ಕೂತುಬಿಡುತ್ತದೆ.

ರಾಮನಗರದಲ್ಲಿ ನಾನೂ ನಮ್ಮ ಯಜಮಾನರೂ ಸೇರಿ ಮನೆಗಳ ಗೆದ್ದಲಿಗೆ ಔಷಧಿ ಹಾಕುವ ಕೆಲಸ ಮಾಡುತ್ತೇವೆ. ಮನೆ ನೋಡುವುದು, ಮರ ತಟ್ಟುವುದು, ಮಾತಾಡುವುದು ನನ್ನ ಪಾಲು. ಗೋಡೆಯ ಬುಡದಲ್ಲಿ ತೂತು ಕೊರೆದು, ಔಷಧಿ ತುಂಬಿ, ಬಿಳಿ ಸಿಮೆಂಟು ಮೆತ್ತುವುದು ಅವರ ಪಾಲು. ಅವರಿಗೆ ಮಾತು ಕಡಿಮೆ. ಡ್ರಿಲ್ ಮಷೀನಿನ ಸದ್ದೇ ಸಾಕು ಅನ್ನುತ್ತಾರೆ. ಅವರದ್ದೂ ಸೇರಿಸಿ ನಾನೇ ಮಾತಾಡುತ್ತೇನೆ. ಈ ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯೆಲ್ಲ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. "ಗೆದ್ದಲಮ್ಮ ಬಂದ್ಲು" ಅಂತಲೇ ಅನ್ನುವುದು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಫೋನ್ ಎತ್ತಿದ ಕೂಡಲೇ ನಾನೇ "ಹೂಂ, ಗೆದ್ದಲಮ್ಮ, ಹೇಳಿ" ಅಂದುಬಿಡುತ್ತೇನೆ.

ಹುಳ ಬೋ ಚೆನ್ನಾಗಿ ತಿಂತಾವೆ

ಕನಕಪುರದ ಹತ್ತಿರದ ಒಂದು ಹಳ್ಳಿಯಿಂದ ರೈತರೊಬ್ಬರು ಫೋನ್ ಮಾಡಿದ್ದರು. ಮನೆಯ ಬಾಗಿಲುವಾಡಕ್ಕೆ ಗೆದ್ದಲು ಬಿದ್ದಿದೆ, ಬೇಗ ಬನ್ನಿ ಅಂತ. ನಾವು ಹೋದಾಗ ಅವರು ತೋಟಕ್ಕೆ ಹೋಗಿದ್ದರು. ಮನೆಯಲ್ಲಿ ಅವರ ಹೆಂಡತಿ ಒಬ್ಬರೇ. ನಮ್ಮನ್ನು ಕರೆಸಿದ ವಿಷಯ ಗಂಡ ಆ ಯಮ್ಮನಿಗೆ ಹೇಳಿಯೇ ಇರಲಿಲ್ಲ, ಅದು ನಮಗೆ ಗೊತ್ತಿರಲಿಲ್ಲ.

"ಅಕ್ಕ, ಹುಳ ನೋಡೋಕೆ ಬಂದ್ವಿ" ಅಂದೆ.

ಆ ಯಮ್ಮನ ಮುಖ ಅರಳಿಹೋಯಿತು. "ಬನ್ನಿ ಬನ್ನಿ! ಹುಳ ಬೋ ಚೆನ್ನಾಗಿ ತಿಂತಾವೆ ಕಣಮ್ಮ!"

ಗೆದ್ದಲು ತಿಂದದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ನಾನು ಅಲ್ಲಿಯವರೆಗೂ ಕಂಡಿರಲಿಲ್ಲ. "ಎಷ್ಟು ದಿನದಿಂದ ಅಕ್ಕ?" ಅಂದೆ.

"ಜ್ವರ ಎದ್ದ್ ಮ್ಯಾಲೆ ನೋಡು, ಹಗ್ಲು ರಾತ್ರಿ ಅಂತ ಇಲ್ಲ. ಕಿವಿಗೊಟ್ರೆ ಮಳೆ ಹುಯ್ದಂಗೆ ಸದ್ದು ಬತ್ತೈತೆ."

ಮಳೆ ಹುಯ್ದಂಗೆ ಸದ್ದು! "ಹಾಗಾದ್ರೆ ಮನೆ ಉಳಿಯೋದು ಕಷ್ಟ ಅಕ್ಕ. ಒಂದೂ ಬಿಡ್ದಂಗೆ ಇವತ್ತೇ ಸಾಯಿಸ್ಬಿಡೋಣ!"

ಅಷ್ಟೇ. ಆ ಯಮ್ಮ ಓಡಿಹೋಗಿ ಪಕ್ಕದ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದರು. "ಯಾರ ಹುಳ ಸಾಯಿಸೀಯೆ? ಬಾ, ನನ್ನ ದಾಟ್ಕೊಂಡು ಹೋಗು ನೋಡಾನ!" ಅವರ ಬೆನ್ನ ಹಿಂದೆ ಕಣ್ಣು ಹಾಯಿಸಿದರೆ ತಟ್ಟೆ ತಟ್ಟೆಯಲ್ಲಿ ದಪ್ಪ ದಪ್ಪ ರೇಷ್ಮೆ ಹುಳ, ಹಿಪ್ಪುನೇರಳೆ ಸೊಪ್ಪು ಮೇಯುತ್ತಿವೆ. ಜ್ವರ ಅಂದರೆ ರೇಷ್ಮೆ ಹುಳ ಮೇವು ಬಿಟ್ಟು ಪೊರೆ ಕಳಚುವ ನಿದ್ದೆ. ಆ ಯಮ್ಮ ನಮ್ಮನ್ನು ರೇಷ್ಮೆ ಇಲಾಖೆಯವರು ಅಂದುಕೊಂಡಿದ್ದರು!

ನಮ್ಮ ಔಷಧಿಯ ಗಾಳಿ ಸೊಪ್ಪಿಗೆ ತಗುಲಿದರೂ ಸಾಕು, ಆ ಬೆಳೆ ಪೂರ್ತಿ ಹೋಗುತ್ತಿತ್ತು. ನಮ್ಮ ಯಜಮಾನರು ಔಷಧಿ ಕ್ಯಾನು ಎತ್ತಿಕೊಂಡು ಹೋಗಿ ಊರಾಚೆ ನಿಲ್ಲಿಸಿದ್ದ ಗಾಡಿಯಲ್ಲೇ ಇಟ್ಟು ಬಂದರು. ಗೂಡು ಮಾರ್ಕೆಟ್ಟಿಗೆ ಹೋಗುವವರೆಗೂ ಮುಚ್ಚಳವನ್ನೂ ತೆಗೆಯುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಆ ಯಮ್ಮ ಚಾಚಿದ ಕೈ ಇಳಿಸಿದರು. ಅಷ್ಟು ಹೊತ್ತಿಗೆ ತೋಟದಿಂದ ಬಂದ ಗಂಡನಿಗೆ ಬಿದ್ದ ಬೈಗುಳ ಮಾತ್ರ ಇಲ್ಲಿ ಬರೆಯುವ ಹಾಗಿಲ್ಲ.

ಕೆಲವು ದಿನ ಕಳೆದು ಆ ಯಮ್ಮನೇ ಫೋನ್ ಮಾಡಿದರು. "ಗೆದ್ದಲಮ್ಮ, ನಮ್ ಹುಳ ಗೂಡು ಕಟ್ಟಿ ಮಾರ್ಕೆಟ್ ಸೇರ್ಕಂಡ್ವು. ಒಳ್ಳೆ ರೇಟೂ ಬಂತು. ಈಗ ನೀವು ಬಂದು ನಿಮ್ ಹುಳ ತಕ್ಕೊಂಡೋಗಿ!"

ಗೋಡೆಗೆ ಕಿವಿ

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಒಬ್ಬರು ಚಾಚಾ ಇದ್ದಾರೆ. ಮನೆಯ ಮುಂಭಾಗದಲ್ಲೇ ಕೆಲಸದ ಕೋಣೆ. ಒಂದು ದಿನ ಗಾಬರಿಯಾಗಿ ಕರೆಸಿದರು. "ಬೇಟಿ, ಗೋಡೆ ಒಳಗೆ ಆವಾಜ್ ಬರ್ತದೆ. ದಿನಾ ಇದೇ ಟೈಮಿಗೆ. ಕರ್ ಕರ್ ಅಂತದೆ. ನನ್ನ ಮಾಲೆಲ್ಲ ಹೋಗ್ತದೆ."

ನಾನು ಗೋಡೆಗೆ ಕಿವಿ ಹಚ್ಚಿದೆ. ಹೌದು! ಕರ್ರ್, ಕರ್ರ್, ಕರ್ರ್. ಇಷ್ಟು ಜೋರಾದ ಗೆದ್ದಲನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ನನಗೆ ಎಲ್ಲಿಲ್ಲದ ಉತ್ಸಾಹ ಬಂದುಬಿಟ್ಟಿತು. "ರೀ, ಬನ್ನಿ, ಕೇಳಿ!" ಅಂದೆ. ಅವರೂ ಕಿವಿ ಹಚ್ಚಿ ಹುಬ್ಬೇರಿಸಿದರು. ಚಾಚಾ ಹಚ್ಚಿದರು. ಚಾಚಿ ಹಚ್ಚಿದರು. ಸುದ್ದಿ ತಿಳಿದು ಬೀದಿಯವರು ಒಬ್ಬೊಬ್ಬರಾಗಿ ಬಂದು ಹಚ್ಚಿದರು. ಗೋಡೆಯ ಉದ್ದಕ್ಕೂ ಕಿವಿಯೋ ಕಿವಿ.

"ಇದು ಸಾಮಾನ್ಯ ಗೆದ್ದಲಲ್ಲ ಚಾಚಾ. ಕೇಳಿ, ಹೇಗೆ ತಾಳ ಹಾಕಿದಂಗೆ ತಿಂತಾ ಇವೆ! ನಡುವೆ ಸ್ವಲ್ಪ ನಿಲ್ಲಿಸಿ ಸುಧಾರಿಸಿಕೊಳ್ತವೆ. ಮತ್ತೆ ಶುರು!" ಅಂತ ನಾನು ಪಾಠ ಮಾಡಿದೆ. ಚಾಚಾ "ಯಾ ಅಲ್ಲಾ" ಅಂತ ತಲೆಯ ಮೇಲೆ ಕೈ ಇಟ್ಟುಕೊಂಡರು.

ಇದ್ದಕ್ಕಿದ್ದ ಹಾಗೆ ಸದ್ದು ನಿಂತಿತು. ಪಕ್ಕದ ಮನೆಯ ಬಾಗಿಲು ತೆರೆದುಕೊಂಡಿತು. ಅಲ್ಲಿಯ ಗೃಹಿಣಿ ಒಂದು ಕೈಯಲ್ಲಿ ತೆಂಗಿನಕಾಯಿ ಹೋಳು, ಸೆರಗಿನ ಮೇಲೆಲ್ಲ ಕಾಯಿತುರಿ ಸಮೇತ ಹೊರಗೆ ಬಂದು, ಚಾಚಾನ ಕೋಣೆಯೊಳಗೆ ಇಣುಕಿ ನಮ್ಮನ್ನೆಲ್ಲ ನೋಡಿದರು. "ಏನ್ ಎಲ್ರೂ ನಮ್ಮ ಅಡುಗೆಮನೆ ಗೋಡೆಗೆ ಅಂಟ್ಕೊಂಡ್ ನಿಂತಿದ್ದೀರಾ? ನಾನು ನೆಮ್ಮದಿಯಾಗಿ ಒಂದು ಕಾಯಿ ತುರಿಯೋ ಹಂಗಿಲ್ವಾ?"

ಬೀದಿಗೆ ಬೀದಿಯೇ ನಗಾಡಿತು. ನನ್ನ ಮುಖ ಎಲ್ಲಿಡಲಿ! ಸುಮ್ಮನಿರಲಾರದೆ ಕೋಣೆಯನ್ನು ಮೂಲೆಮೂಲೆ ಹುಡುಕಿದೆ. ಸಿಕ್ಕಿತು! ಗೊಂಬೆಗೆಂದು ಗೋಡೆಗೆ ಒರಗಿಸಿ ಪೇರಿಸಿದ್ದ ಹಸಿ ಮರದ ರಾಶಿಯ ಹಿಂದೆ, ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆ ನೆಲದಿಂದ ಹತ್ತಿಹೋಗಿತ್ತು. ಗೆದ್ದಲಿನ ದಾರಿ ಅದೇ, ಅದು ಬಿಸಿಲು ಕಾಣದ ಹಾಗೆ ಮಣ್ಣಿನ ಕೊಳವೆ ಕಟ್ಟಿಕೊಂಡು ಒಳಗೊಳಗೇ ಓಡಾಡುತ್ತದೆ. ತಳದ ಒಂದೆರಡು ದಿಮ್ಮಿ ಹೋಗಿದ್ದವು, ಉಳಿದದ್ದೆಲ್ಲ ಗಟ್ಟಿಯಾಗಿತ್ತು. ಮರವನ್ನು ಗೋಡೆಯಿಂದ ಈಚೆಗೆ ತಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಪೇರಿಸಿ, ಗೋಡೆಯ ಬುಡಕ್ಕೆಲ್ಲ ಔಷಧಿ ತುಂಬಿದೆವು. ಚಾಚಾನ ಉಸಿರು ಸರಾಗವಾಯಿತು.

ಹೊರಡುವಾಗ ಪಕ್ಕದ ಮನೆಯವರು ಒಂದು ಡಬ್ಬಿ ತಂದು ನನ್ನ ಕೈಗಿಟ್ಟರು. "ತಗೊಳ್ಳಿ, ಚಟ್ನಿ. ನೀವು ಕೇಳಿಸ್ಕೊಂಡ ಗೆದ್ದಲಿಂದು!"

ಮೊಬೈಲ್ ವೈದ್ಯ

ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಒಬ್ಬರು ನಮ್ಮನ್ನು ಕರೆಯುವ ಮುಂಚೆ ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಮಾಡಿ ಮುಗಿಸಿದ್ದರು. ಕಿಟಕಿಗೆ ಸೀಮೆಎಣ್ಣೆ, ಕಪಾಟಿಗೆ ಬೇವಿನೆಣ್ಣೆ, ಬಾಗಿಲಿಗೆ ಲವಂಗದೆಣ್ಣೆ. ಒಳಗೆ ಕಾಲಿಟ್ಟರೆ ಯಾರೋ ಬಸ್ಸಿಗೆ ಒಗ್ಗರಣೆ ಹಾಕಿದ ಹಾಗೆ ವಾಸನೆ!

"ಗೆದ್ದಲಿಗೆ ಬೋನು ಮಾಡಿ ಅಂದ್ರು ಮೇಡಂ. ರಟ್ಟಿನ ಪೆಟ್ಟಿಗೆಗೆ ಬೆಲ್ಲದ ಪಾಕ ಬಳ್ದು ಇಟ್ಟೆ" ಅಂದರು.

"ಗೆದ್ದಲು ಬಿತ್ತಾ?"

"ಇರುವೆ ಬಂತು."

"ಆಮೇಲೆ?"

"ಇರುವೆ ತಿನ್ನೋಕೆ ಹಲ್ಲಿ ಬಂತು. ಹಲ್ಲಿ ಹಿಡಿಯೋಕೆ ಪಕ್ಕದ್ಮನೆ ಬೆಕ್ಕು ಬಂತು. ಬೆಕ್ಕು ಈಗ ಅದೇ ಪೆಟ್ಟಿಗೇಲಿ ಮರಿ ಹಾಕೈತೆ."

ಅವರ ಹೆಂಡತಿ ಅಡುಗೆಮನೆಯಿಂದಲೇ ಕೂಗಿದರು. "ಮೇಡಂ, ಇವ್ರ ಫೋನಿಗೆ ಏನಾದ್ರೂ ಔಷಧಿ ಐತಾ?"

ಇಷ್ಟೆಲ್ಲ ಮಾಡಿದ ಮೇಲಾದರೂ ಗೆದ್ದಲು ಕಿಟಕಿ ಬಿಟ್ಟು ಹೋಗಿತ್ತಾ ಅಂದರೆ ಅದೂ ಇಲ್ಲ. ಅದರ ಗೂಡು ಇರುವುದು ನೆಲದೊಳಗೆ. ಮೇಲೆ ಎಷ್ಟು ಎಣ್ಣೆ ಬಳಿದರೂ ಅದು ಪಕ್ಕದ ದಾರಿ ಹಿಡಿಯುತ್ತದೆ. ನಾವು ನೆಲದ ಅಂಚಿಗೇ ಔಷಧಿ ಇಳಿಸಬೇಕು. ಆದರೆ ಹೇಗೆ ಇಳಿಸುವುದು? ಬೆಕ್ಕಿನ ಪೆಟ್ಟಿಗೆ ಇದ್ದದ್ದೂ ಅದೇ ಗೋಡೆಯ ಬುಡದಲ್ಲಿ. ಆ ದಂಪತಿಯ ಪುಟ್ಟ ಮಗಳು ಅದರ ಮುಂದೆ ಕೂತು "ಮರಿ ಕಣ್ಣು ಬಿಡೋಗಂಟ ಯಾರೂ ಬರ್ಬಾರ್ದು" ಅಂತ ಹಟ ಹಿಡಿದಳು. ಗೆದ್ದಲಿಗೆ ಬೆಕ್ಕಿನ ದೆಸೆಯಿಂದ ಬಾಣಂತನದ ರಜೆ ಸಿಕ್ಕಿದ್ದು ಆ ಮನೆಯಲ್ಲಿ ಮಾತ್ರ.

ನೀರು ಬಿಟ್ಟವ್ರೆ

ಇದು ರಾಮನಗರದಲ್ಲೇ, ಒಂದು ಹೊಸ ಬಡಾವಣೆಯಲ್ಲಿ ನಡೆದದ್ದು. ಆ ಬಡಾವಣೆಗೆ ನಲ್ಲಿ ನೀರು ಬರುವುದು ಅಪರೂಪ. ಬಂದ ದಿನ ಹಬ್ಬ.

ಮನೆಯ ಯಜಮಾನರು ಸ್ವತಃ ನಿಂತು ಕಟ್ಟಿಸಿದ ಮನೆ ಅದು. ಅಡುಗೆಮನೆಯ ಗೋಡೆಯ ಬುಡ ಕೊರೆಯುವ ಮುಂಚೆ ನಾನು ಕೇಳಿದೆ. "ಸಾರ್, ಇಲ್ಲಿ ಪೈಪೇನಾದ್ರೂ ಹೋಗಿದ್ಯಾ?"

"ಏನ್ ಮೇಡಂ, ಈ ಮನೇದು ಒಂದೊಂದು ಇಟ್ಟಿಗೆನೂ ನನ್ನ ಕಣ್ಮುಂದೆ ಇಟ್ಟಿದ್ದು. ಧೈರ್ಯವಾಗಿ ಹೊಡೀರಿ!"

ನಮ್ಮ ಯಜಮಾನರು ಹೊಡೆದರು. ಛುಸ್ಸ್ ಅಂತ ನೀರು ಸೂರಿಗೆ ಚಿಮ್ಮಿತು! ಅಪರೂಪಕ್ಕೆ ಆವತ್ತೇ ನೀರು ಬಿಟ್ಟಿದ್ದರು, ಪೂರ್ತಿ ರಭಸದಲ್ಲಿ. ನಮ್ಮ ಯಜಮಾನರು ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರು. ನೀರು ಬದಿಯಿಂದ ನುಗ್ಗಿ ನನ್ನ ಮುಖಕ್ಕೆ ಹೊಡೆಯಿತು. ಮನೆಯ ಯಜಮಾನರು "ವಾಲ್ವ್! ವಾಲ್ವ್!" ಅಂತ ಕೂಗುತ್ತಾ ವಾಲ್ವ್ ಎಲ್ಲಿದೆ ಅಂತಲೇ ಗೊತ್ತಿಲ್ಲದೆ ಮನೆಯನ್ನು ಸುತ್ತತೊಡಗಿದರು.

ಈ ಗಲಾಟೆಗೆ ಒಳಗೆ ಮಲಗಿದ್ದ ಅವರ ಅತ್ತೆ ಎದ್ದು ಬಂದರು. ಆ ಫಿರಂಗಿಯಂಥ ನೀರನ್ನು ಕಂಡದ್ದೇ ಅವರ ಕಣ್ಣು ಫಳಫಳ ಹೊಳೆಯಿತು. ಬೀದಿ ಬಾಗಿಲಿಗೆ ಓಡಿಹೋಗಿ ಗಂಟಲು ಹರಿಯುವ ಹಾಗೆ ಕೂಗಿದರು. "ಬನ್ರೇ, ಬಿಂದಿಗೆ ತಗೊಂಡ್ ಬನ್ರೇ! ನೀರು ಬಿಟ್ಟವ್ರೆ!"

ಬಿಂದಿಗೆ, ಬಕೆಟ್ಟು, ಡ್ರಮ್ಮು ಹಿಡಿದು ಹೆಂಗಸರು ಅಡುಗೆಮನೆಯೊಳಗೇ ಸಾಲುಗಟ್ಟಿದರು. ನಾನು "ಬೆರಳು ತೆಗೀಬೇಡಿ" ಅಂದರೆ ಅವರು "ತೆಗೀರಣ್ಣ, ಒಸಿ ತೆಗೀರಿ" ಅನ್ನುತ್ತಿದ್ದರು. ಕೊನೆಗೆ ಯಾರೋ ವಾಲ್ವ್ ತಿರುಗಿಸಿ, ಪ್ಲಂಬರನ್ನು ಕರೆಸಿ ಪೈಪು ಸರಿಮಾಡಿಸಿದ್ದಾಯಿತು. ಪುಣ್ಯಕ್ಕೆ ಔಷಧಿ ಇನ್ನೂ ಗಾಡಿಯಲ್ಲೇ ಇತ್ತು.

ನಾವು ತೊಯ್ದು ತೊಪ್ಪೆಯಾಗಿ ಹೊರಟಾಗ ಆ ಅತ್ತೆ ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು. "ಮುಂದಿನ ವಾರವೂ ಬತ್ತೀರೇನಪ್ಪಾ?"

ಗೋಡೆಯ ಆಚೆ ಕಡೆ

ಒಬ್ಬರು ಮೇಷ್ಟ್ರು ಬಹಳ ದಿನ ಬೀಗ ಹಾಕಿದ್ದ, ಬಾಡಿಗೆಗೆ ಕೊಡುವ ತಮ್ಮ ಮನೆಯನ್ನು ಬಣ್ಣ ಬಳಿಸಲೆಂದು ತೆಗೆದು ನೋಡಿದರೆ, ಕೋಣೆಯ ಮೂಲೆಯಲ್ಲಿ ಸೊಂಟದೆತ್ತರ ಹುತ್ತ ಬೆಳೆದಿತ್ತು! ನಮಗೆ ಫೋನ್ ಮಾಡಿದರು. ನಾವು ತಲುಪುವಷ್ಟರಲ್ಲಿ ಬಾಗಿಲ ಮುಂದೆ ಚಪ್ಪಲಿ ರಾಶಿ. ಹುತ್ತಕ್ಕೆ ಅರಿಶಿನ ಕುಂಕುಮ, ಹೂವು. ಹೆಂಗಸರು ಹಾಲು ಎರೆಯುತ್ತಿದ್ದರು. ತೇವ ಕಂಡರೆ ಗೆದ್ದಲಿಗೆ ಪ್ರಾಣ. ಇನ್ನು ಹಾಲು ಬೇರೆ!

ಮೇಷ್ಟ್ರು ನನ್ನ ಕಿವಿಯಲ್ಲಿ, "ಅಮ್ಮ, ಈ ಮೂಲೇಲಿ ಶುರುವಾದ್ದು ಸೂರಿನ ಮರಕ್ಕೆ ಹತ್ತೈತೆ. ಇನ್ನೊಂದ್ ಮಳೆಗಾಲ ಬಿಟ್ರೆ ಮನೆ ತಲೆ ಮೇಲೆ ಬೀಳ್ತೈತೆ. ಹುತ್ತ ತೆಗೀತೀನಿ ಅಂದ್ರೆ ಇವ್ರು ನನ್ನನ್ನೇ ತೆಗೀತಾರೆ" ಅಂದರು.

ನಾನು ಕೈಮುಗಿದು ಕೇಳಿಕೊಂಡೆ. ಸೂರಿನ ಮರ ತಟ್ಟಿ ಟೊಳ್ಳು ಸದ್ದು ಕೇಳಿಸಿದೆ. ಹಾವಿಲ್ಲ, ಬರೀ ಗೆದ್ದಲು ಅಂದೆ. ಒಬ್ಬರೂ ಅಲುಗಾಡಲಿಲ್ಲ. "ನಾಗಪ್ಪ ತಾನಾಗೇ ಬಂದು ನೆಲೆ ನಿಂತವ್ನೆ, ಎಬ್ಬಿಸೋಕೆ ನೀನ್ಯಾರು?" ಅಂದರು ಒಬ್ಬ ಹಿರಿಯಮ್ಮ. ಅದೂ ಸರಿಯೇ!

ಆಗ ನಮ್ಮ ಯಜಮಾನರು ಹೊರಗೆ ಹೋಗಿ, ಮನೆಯನ್ನು ಒಂದು ಸುತ್ತು ಹಾಕಿ ಬಂದು, ಆ ದಿನದ ಮೊದಲನೇ ಮಾತು ಆಡಿದರು.

"ಪೂಜೆ ಮಾಡಿ, ಬೇಡ ಅನ್ನಲ್ಲ. ಆದ್ರೆ ಈ ಗೋಡೆ ಆಚೆಗೆ ಕಕ್ಕಸು ಐತಲ್ಲ, ಪರವಾಗಿಲ್ವಾ?"

ಹೆಂಗಸರೆಲ್ಲ ಒಟ್ಟಿಗೆ ಹಿಂದೆ ಸರಿದರು. ಹಿರಿಯಮ್ಮ ಹಾಲಿನ ತಂಬಿಗೆಯನ್ನು ಎದೆಗೆ ಅವುಚಿಕೊಂಡರು. "ಅಯ್ಯಯ್ಯೋ! ನಾಗಪ್ಪನ್ನ ಎಂಥಾ ಜಾಗದಲ್ಲಿ ಕೂರ್ಸಿದ್ದೀರ್ರೋ ಮೇಷ್ಟ್ರೇ!" ಅಂತ ಬೈಗುಳ ಮೇಷ್ಟ್ರಿಗೇ ಬಿತ್ತು. ಹೆಂಗಸರೆಲ್ಲ ಸೇರಿ ಅರ್ಚಕರನ್ನು ಕರೆಸಿ, ಒಂದು ಹಿಡಿ ಮಣ್ಣನ್ನು ಅರಳಿಕಟ್ಟೆಯ ನಾಗರಕಲ್ಲಿಗೆ ಮೆರವಣಿಗೆಯಲ್ಲಿ ಒಯ್ದರು. ಉಳಿದದ್ದನ್ನು ನಾವು ಅಗೆದು ಔಷಧಿ ಹಾಕಿದೆವು.

ದಾರಿಯಲ್ಲಿ ನಾನು "ರೀ, ಎಷ್ಟು ಜಾಣತನವಾಗಿ ಸುಳ್ಳು ಹೇಳಿದ್ರಿ!" ಅಂದೆ. ಅವರು ಗಾಡಿ ಓಡಿಸುತ್ತಾ, "ಸುಳ್ಳಲ್ಲ. ನಾನು ಹೊರಗೆ ಹೋಗಿದ್ದೇ ಅದಕ್ಕೆ" ಅಂದರು.

ಮೇಲೆ ಚೆನ್ನಾಗಿದೆ, ಒಳಗೆ ಹೇಗೋ

ಮಾಗಡಿಯ ಒಂದು ತುಂಬಿದ ಮನೆಯಿಂದ ಯಜಮಾನರು ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಬಂದು ಗೆದ್ದಲು ನೋಡಿ ಅಂದಿದ್ದರು. ನಮಗೆ ಆವತ್ತೇ ಅಲ್ಲೇ ಹತ್ತಿರದಲ್ಲಿ ನೆಂಟರ ಮನೆಯ ಗೃಹಪ್ರವೇಶ. ನಾನು ರೇಷ್ಮೆ ಸೀರೆ, ನಮ್ಮ ಯಜಮಾನರು ಬಿಳಿ ಪಂಚೆ, ಬಿಳಿ ಶರಟು. ಹಾಗೇ ಹೋದೆವು.

ಬಾಗಿಲಲ್ಲಿ ರಂಗೋಲಿ, ತೋರಣ. "ಬನ್ನಿ ಬನ್ನಿ, ಕಾಯ್ತಾನೇ ಇದ್ವಿ!" ಅಂತ ಹೆಂಗಸರೆಲ್ಲ ಓಡಿಬಂದರು. ಕೈಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು, ಉಪ್ಪಿಟ್ಟು ಕೇಸರಿಬಾತು ತಂದಿಟ್ಟರು. ಮನೆಯ ಯಜಮಾನರು ನಮ್ಮನ್ನೇ ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದಾರಂತೆ, ದಾರಿಯಲ್ಲಿ ತಪ್ಪಿಹೋಗಿರಬೇಕಂತೆ. ಗೆದ್ದಲಿನವರಿಗೆ ಇಂಥ ಮರ್ಯಾದೆಯಾ! ನನಗೆ ಹಿಗ್ಗೋ ಹಿಗ್ಗು. ನಮ್ಮ ಯಜಮಾನರು ತಲೆ ತಗ್ಗಿಸಿ ಕೇಸರಿಬಾತಿಗೆ ಕೈಹಾಕಿದರು.

ಮನೆಯ ಅಜ್ಜಿ ಹತ್ತಿರ ಬಂದು ಕೂತರು. "ಇದಕ್ಕೆ ಮುಂಚೆ ಎಲ್ಲೆಲ್ಲಿ ನೋಡಿದ್ರವ್ವ?"

"ಅಯ್ಯೋ ಅಜ್ಜಿ, ಲೆಕ್ಕ ಇಟ್ಟೋರ್ಯಾರು? ಈ ಮಾಗಡೀಲೇ ಬೇಕಾದಷ್ಟು ನೋಡಿದ್ದೀವಿ!"

ಅಜ್ಜಿಯ ಮುಖ ಸ್ವಲ್ಪ ಇಳಿಯಿತು. "ಒಂದೂ ಒಪ್ಪಿಗೆ ಆಗ್ಲಿಲ್ವಾ?"

"ಎಲ್ಲಾ ಕಡೆನೂ ಮುಗಿಸೇ ಬಂದಿದ್ದೀವಿ ಅಜ್ಜಿ. ಮುಗಿದ್ ಮೇಲೂ ವರ್ಷಕ್ಕೊಂದು ಸಲ ಹೋಗಿ ನೋಡ್ಕೊಂಡು ಬರ್ತೀವಿ."

ಹಿಂದೆ ನಿಂತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಯಾಕೋ ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗಿ, ತಲೆತುಂಬ ಮಲ್ಲಿಗೆ ಮುಡಿದವಳು, ಕಾಫಿ ತಟ್ಟೆ ಹಿಡಿದು ಬಂದು ಬಾಗಿಲುವಾಡದ ಪಕ್ಕ ನಿಂತಳು. ನನ್ನ ಕಣ್ಣು ಬಾಗಿಲುವಾಡದ ಮೇಲೆಯೇ.

"ಮೇಲೆ ನೋಡೋಕೆ ಲಕ್ಷಣವಾಗೇ ಇದೆ" ಅಂದೆ. "ಆದ್ರೆ ಒಳಗೆ ಹೇಗೋ ಏನೋ, ತಟ್ಟಿ ನೋಡ್ಬೇಕು." ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು ಎದ್ದೆ.

ಹುಡುಗಿ ಕಿರುಚಿ ಅಜ್ಜಿಯ ಹಿಂದೆ ಅಡಗಿಕೊಂಡಳು. ಅಜ್ಜಿ ಕೋಲು ಎತ್ತಿದರು. "ಏನಮ್ಮೀ, ನನ್ನ ಮೊಮ್ಮಗಳನ್ನ ತಟ್ಟಿ ನೋಡೀಯೆ?"

ಸರಿಯಾಗಿ ಆಗಲೇ ಮನೆಯ ಯಜಮಾನರು ನಿಜವಾದ ಗಂಡಿನ ಕಡೆಯವರನ್ನು ಕರೆದುಕೊಂಡು ಒಳಗೆ ಬಂದರು! ನಮ್ಮನ್ನು ನೋಡಿ ಹಣೆ ಚಚ್ಚಿಕೊಂಡರು. ಹೆಣ್ಣು ನೋಡುವ ಗಡಿಬಿಡಿಯಲ್ಲಿ ನಮಗೂ ಅದೇ ದಿನ ಬರಹೇಳಿದ್ದು ಅವರಿಗೆ ಮರೆತೇಹೋಗಿತ್ತು. "ಅವ್ವಾ, ಇವ್ರು ಗೆದ್ದಲಿನೋರು ಕಣವ್ವ!" ಅಂದರು. ನಮ್ಮ ಯಜಮಾನರು ಖಾಲಿ ತಟ್ಟೆಯನ್ನು ಮೆಲ್ಲಗೆ ಚಾಪೆಯ ಕೆಳಗೆ ತಳ್ಳಿದರು.

ಬಂದವರನ್ನು ಚಾಪೆಯ ಮೇಲೆ ಕೂರಿಸಿ, ಎಲ್ಲರ ಕೈಗೂ ಕೇಸರಿಬಾತು ಕೊಟ್ಟು, ಹುಡುಗನಿಗೆ ಕೂರಲು ಗೋಡೆಯ ಪಕ್ಕದ ಹಳೇ ಮರದ ಬೆಂಚು ತೋರಿಸಿದರು. ಅದರ ಕಾಲಿನ ಮೇಲೆ ಮಣ್ಣಿನ ಗೆರೆ ಹತ್ತಿದ್ದು ನನಗೆ ಕಂಡಿತು. "ಅಯ್ಯೋ, ಅಲ್ಲಿ ಕೂರ್ಬೇಡಿ!" ಅಂತ ಕೂಗಿದೆ. ಅಷ್ಟರಲ್ಲಿ ಅವನು ಕೂತಾಗಿತ್ತು. ಬೆಂಚು ಲಟ್ಟನೆ ಮುರಿದು ಹಪ್ಪಳದ ಹಾಗೆ ಪುಡಿಯಾಯಿತು. ಹುಡುಗ ನೆಲದ ಮೇಲೆ, ಕೈಯಲ್ಲಿದ್ದ ಕೇಸರಿಬಾತು ಅವನ ಎದೆಯ ಮೇಲೆ.

ಹುಡುಗನ ತಾಯಿ ಎದ್ದರು. "ಬಂದ ಘಳಿಗೇಲೇ ಇದೇನ್ ಶಕುನ? ನಡೀಲಾ ಮಗ, ಹೋಗಾನ" ಅಂದರು. ಹುಡುಗಿಯ ತಂದೆ ಮತ್ತೆ ಹಣೆ ಚಚ್ಚಿಕೊಂಡರು. ನನಗಂತೂ ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು.

ಆಗ ಅಜ್ಜಿಯ ಬೆನ್ನ ಹಿಂದಿನಿಂದ ಕಿಸಕ್ ಅಂತ ಒಂದು ನಗು. ಹುಡುಗಿ! ಬಾಯಿ ಮುಚ್ಚಿಕೊಂಡಳು, ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಹುಡುಗ ಎದೆಯ ಮೇಲಿನ ಕೇಸರಿಬಾತು ನೋಡಿಕೊಂಡ, ಅವಳನ್ನು ನೋಡಿದ, ಒಂದು ಚೂರು ಬಾಯಿಗೆ ಹಾಕಿಕೊಂಡು, "ಚೆನ್ನಾಗೈತೆ" ಅಂತ ಅವನೂ ನಗತೊಡಗಿದ.

"ಏಳ್ಲಾ ಮ್ಯಾಕೆ" ಅಂದರು ತಾಯಿ.

"ಏಳ್ತೀನಿ ಕಣವ್ವ. ಆದ್ರೆ ನಂಗೆ ಒಪ್ಪಿಗೆ" ಅಂದ ಹುಡುಗ, ಕೂತಲ್ಲಿಂದಲೇ.

ಅಜ್ಜಿ ಹುಡುಗಿಯ ಕಡೆ ತಿರುಗಿದರು. ಅವಳು ಕಣ್ಣೊರೆಸಿಕೊಂಡು, "ಬಿದ್ರೂ ಸಿಟ್ಟು ಮಾಡ್ಕಳ್ಳಿಲ್ವಲ್ಲ ಅಜ್ಜಿ. ನಂಗೂ ಸರಿ" ಅಂದಳು. ಆ ತಾಯಿಯೂ ಕೊನೆಗೆ ನಕ್ಕು ಚಾಪೆಯ ಮೇಲೆ ಕೂತರು, ಕೂರುವ ಮುಂಚೆ ಮಾತ್ರ ನೆಲವನ್ನು ಒಮ್ಮೆ ತಟ್ಟಿ ನೋಡಿದರು.

ಮದುವೆ ಚೆನ್ನಾಗಿ ಆಯಿತು. ನಮಗೂ ಊಟ ಹಾಕಿದರು. ಅದಾದ ಮೇಲೆ ಔಷಧಿ ಹಾಕಲು ಹೋದೆವು. ಕಂಬ, ಕಿಟಕಿ, ಬಾಗಿಲುವಾಡ ಎಲ್ಲ ಮುಗಿಸಿ, ಮೂಲೆಯಲ್ಲಿ ಉಳಿದಿದ್ದ ಇನ್ನೊಂದು ಹಳೇ ಬೆಂಚಿನ ಕಡೆಗೆ ನಮ್ಮ ಯಜಮಾನರು ಔಷಧಿ ಪೈಪು ಎಳೆದರು.

ಅಜ್ಜಿ ಕೋಲು ಅಡ್ಡ ಹಿಡಿದರು. "ಅದೊಂದ ಹಂಗೇ ಬುಡಪ್ಪ. ಇನ್ನೊಬ್ಬ ಮೊಮ್ಮಗಳವ್ಳೆ!"